ಶೀತಲ್‌ಳ ಇಪ್ಪತ್ತಮೂರು ಎಲ್

ಹಾಕಿ ಸ್ಟಿಕ್ಕಿನ ಹಿಡಿಗೆ ಸುತ್ತಿದ್ದ ಹಳೆಯ ಗ್ರಿಪ್ಪನ್ನು ಶೀತಲ್ ಸುತ್ತು ಸುತ್ತಾಗಿ ಬಿಚ್ಚುತ್ತಿದ್ದಳು. ಸ್ಟಿಕ್ಕಿನ ಬಾಗಿದ ತುದಿಯನ್ನು ನಾನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದೆ. ಕೊಂಡಾಗ ಹಳದಿಯಾಗಿದ್ದ ಗ್ರಿಪ್ಪು ಬೆವರು ಕುಡಿದು ಕಪ್ಪಾಗಿತ್ತು. ಬಿಚ್ಚಿದಲ್ಲೆಲ್ಲ ಅಂಟು ನೂಲುನೂಲಾಗಿ ಎಳೆಯುತ್ತಿತ್ತು. ಒಣಗದ ಒರಸುಬಟ್ಟೆಯ ವಾಸನೆ ಬಂತು. ನಾನು ಮುಖ ತಿರುಗಿಸಲಿಲ್ಲ. ಅವಳು ಹೊಸ ಪಟ್ಟಿಯ ತುದಿ ಹಚ್ಚಿ ಎಳೆದು ಹಿಡಿದಳು, ನಾನು ಸ್ಟಿಕ್ಕನ್ನು ನಿಧಾನವಾಗಿ ತಿರುಗಿಸಿದೆ. ಕೊನೆಗೆ ಉಳಿದ ತುಂಡನ್ನು ಅವಳು ಹಲ್ಲಿನಿಂದ ಕಡಿದು ಉಗುಳಿದಳು. ಇಷ್ಟು ಹೊತ್ತೂ ನಾವಿಬ್ಬರು ಒಂದು ಮಾತೂ ಆಡಿರಲಿಲ್ಲ.

ಆಡುವುದಕ್ಕೆ ಏನೂ ಇರಲಿಲ್ಲ. ಸೀಸನ್ನಿನ ಆರನೆಯ ಮ್ಯಾಚು ಆಗಷ್ಟೇ ಮುಗಿದಿತ್ತು. ಆರರಲ್ಲೂ ಶೀತಲ್ ಸೆಂಟರ್ ಫಾರ್ವರ್ಡ್ ಆಗಿ ಆಡಿದ್ದಳು, ಆರರಲ್ಲೂ ಅವಳ ಹೆಸರಿನಲ್ಲಿ ಒಂದು ಗೋಲೂ ಇರಲಿಲ್ಲ. ಕಳೆದ ವರ್ಷ ಇಷ್ಟು ಹೊತ್ತಿಗೆ ಐದು ಹೊಡೆದಿದ್ದಳು.

ತಂಡ ಒಂದು ಕಂಪನಿಯದು. ವಡಾಲದಲ್ಲಿ ಬಂದರಿನ ಜಾಗಕ್ಕೆ ತಾಗಿಕೊಂಡು ಕಂಟೇನರುಗಳನ್ನು ಪೇರಿಸಿಡುವ ಕಂಪನಿ. ಅದರ ಕಾಲನಿಯ ಹಿಂದೆ ಒಂದು ಟರ್ಫ್ ಮೈದಾನ. ಎರಡು ಸೀಸನ್ ಪೂರ್ತಿ ಆಡಿದ ಹುಡುಗಿಗೆ ಕಂಪನಿ ಡಿಪೋದಲ್ಲಿ ಪರ್ಮನೆಂಟ್ ಕೆಲಸ ಕೊಡುತ್ತದೆ. ಶೀತಲ್‌ಗೆ ಇದು ಎರಡನೆಯದು. ಮಾರ್ಚ್‌ವರೆಗೆ ಉಳಿದರೆ ಕೆಲಸ, ನಡುವೆ ತೆಗೆದರೆ ಏನೂ ಇಲ್ಲ. ಅವಳ ಅಪ್ಪ ಶಂಕ್ರೆಪ್ಪ ವಿಜಯಪುರದ ಕಡೆಯವರು, ಏಳುತ್ತಿರುವ ಬಿಲ್ಡಿಂಗುಗಳಲ್ಲಿ ಸೆಂಟ್ರಿಂಗ್ ಕಟ್ಟುತ್ತಾರೆ. ಅಮ್ಮ ಮೂರು ಮನೆಯ ಪಾತ್ರೆ ತಿಕ್ಕುತ್ತಾರೆ. ತಂಡ ಬಿಟ್ಟರೆ ನಾಲ್ಕನೆಯ ಮನೆಯ ಪಾತ್ರೆ ತನಗೆ ಕಾದಿದೆ ಎಂದು ಶೀತಲ್ ನಗುತ್ತಲೇ ಹೇಳುವುದಿತ್ತು. ಏಳನೆಯ ಮ್ಯಾಚು ಆದ ಮೇಲೆ ರಿವ್ಯೂ ಎಂದು ನೋಟೀಸು ಬಂದಂದಿನಿಂದ ಆ ಮಾತು ನಿಂತಿತ್ತು.

ನಾನು ಆಡುವವಳಲ್ಲ. ಅಪ್ಪ ಕುರ್ಲಾ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವರು. ಒಂಬತ್ತನೆಯಲ್ಲಿ ಶಾಲೆ ಬಿಟ್ಟು ಅದೇ ಹೋಟೆಲಿನಲ್ಲಿ ಟೋಕನ್ ಹರಿಯುತ್ತಿದ್ದ ನನಗೆ, ಎರಡು ವರ್ಷದ ಹಿಂದೆ, ಈ ಕಂಪನಿಗೆ ಆಟದ ಲೆಕ್ಕ ತೆಗೆದುಕೊಡುವ ಪರೇಲಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮ್ಯಾಚಿನ ದಿನ ಮೈದಾನದ ಬದಿಯ ಶೆಡ್ಡಿನ ಮಾಡಿನ ಮೇಲೆ ಕ್ಯಾಮೆರಾ ಇಟ್ಟು ಚಿತ್ರೀಕರಿಸಬೇಕು. ಮರುದಿನ ಆ ವಿಡಿಯೋ ನೋಡುತ್ತ ಕೀಬೋರ್ಡಿನ ಬಟನ್ ಒತ್ತಬೇಕು. ಪಾಸಿಗೆ ಪಿ. ಗೋಲಿನತ್ತ ಹೊಡೆತಕ್ಕೆ ಎಸ್. ಚೆಂಡು ಕಳೆದುಕೊಂಡರೆ ಎಲ್. ಒಂದು ಮ್ಯಾಚಿಗೆ ಸುಮಾರು ಸಾವಿರದ ಮುನ್ನೂರು ಸಲ ಒತ್ತುತ್ತೇನೆ. ಕಣ್ಣು ಚುರುಕಾಗಿರಬೇಕು, ಬಾಯಿ ಬೇಡ. ನನಗೆ ಒಗ್ಗುವ ಕೆಲಸ.

ಆ ಸಂಜೆ ವಡಾಲದಿಂದ ಕುರ್ಲಾಕ್ಕೆ ಲೋಕಲ್ ಹತ್ತಿದೆವು. ಇಬ್ಬರದೂ ಒಂದೇ ಸ್ಟೇಷನ್. ಲೇಡೀಸ್ ಡಬ್ಬಿಯ ಬಾಗಿಲ ಬಳಿ ಯಾರೋ ಖಾಲಿ ಮೀನಿನ ಬುಟ್ಟಿ ಇಟ್ಟಿದ್ದರು, ಅದರಿಂದ ಇಳಿದ ನೀರು ನಮ್ಮ ಚಪ್ಪಲಿಯ ತನಕ ಹರಿದು ಬಂದಿತ್ತು. ಶೀತಲ್ ಕೊನೆಗೂ ಬಾಯಿ ಬಿಟ್ಟಳು.

“ನಿಮ್ಮ ಆಫೀಸಿನ ಮನೀಶ ಸರ್ ನನ್ನ ಬಗ್ಗೆ ಏನ್ ಬರದಾನ?”

“ಐದು ಮ್ಯಾಚಿನದ್ದು ಮಾತ್ರ ಬಂದದ್ದು. ಕೆಂಪು ಉಂಟು.”

“ಕೆಂಪಂದ್ರ?”

“ಕಡಿಮೆ ಅಂತ. ನಿನ್ನ ಎಲ್ ಜಾಸ್ತಿ. ಡಿ ಒಳಗೆ ಚೆಂಡು ಕಳಕೊಳ್ಳುವುದು.”

ಗೋಲಿನ ಮುಂದೆ ಎಳೆದ ಅರ್ಧವೃತ್ತಕ್ಕೆ ಹಾಕಿಯಲ್ಲಿ ಡಿ ಎನ್ನುತ್ತಾರೆ. ಅದರೊಳಗಿನಿಂದ ಹೊಡೆದರೆ ಮಾತ್ರ ಗೋಲು. ಅಲ್ಲಿ ಚೆಂಡು ಕಳೆದುಕೊಳ್ಳುವ ಫಾರ್ವರ್ಡ್ ಎಂದರೆ ಬಾಗಿಲ ತನಕ ತಂದ ಕೊಡಪಾನ ಒಡೆಯುವವಳು. ಶೀತಲ್ ನನ್ನನ್ನು ದಿಟ್ಟಿಸಿ ನೋಡಿದಳು.

“ನಾ ಎಲ್ಲಿ ಕಳಕೊಂಡೀನಿ? ಬಟನ್ ಒತ್ತಾಕಿ ನೀ. ನೀನ ಹೇಳು, ಮಂಗಳೂರು ಮೀನಾ.”

ಸಿಟ್ಟು ಬಂದಾಗಲೂ ಪ್ರೀತಿ ಬಂದಾಗಲೂ ಅವಳು ನನ್ನನ್ನು ಕರೆಯುವುದು ಹಾಗೆಯೇ. ಯಕ್ಷಿತಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಐದು ಮ್ಯಾಚು ನೋಡಿದವಳು, ಒಂದೊಂದನ್ನೂ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ನೋಡಿದವಳು ನಾನು, ಆದರೂ ಅವಳು ಎಲ್ಲಿ ಕಳೆದುಕೊಂಡಳೆಂದು ನನಗೆ ನೆನಪಾಗಲಿಲ್ಲ.

ಸೋಮವಾರ ಆಫೀಸಿನಲ್ಲಿ ಆರನೆಯ ಮ್ಯಾಚಿನ ಬಟನ್ ಒತ್ತಿ ಮುಗಿಸಿದೆ. ಹಳೆಯ ಮಿಲ್ಲು ಒಡೆದು ಕಟ್ಟಿದ ಗಾಜಿನ ಬಿಲ್ಡಿಂಗು ಅದು. ಕಿಟಕಿ ತೆರೆಯುವ ಹಾಗಿಲ್ಲ. ಆರು ಹುಡುಗಿಯರ ಟಿಫಿನ್ ವಾಸನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏಸಿಯಲ್ಲೇ ಸುತ್ತುತ್ತಿರುತ್ತದೆ. ಮನೀಶ್ ಸರ್ ನಮ್ಮ ಮೇಲಿನವರು. ಮುಂಬೈಯಲ್ಲೇ ಹುಟ್ಟಿದ ಉಡುಪಿ ಕಡೆಯವರು, ಕನ್ನಡ ಅರ್ಧ, ಮಿಕ್ಕದ್ದು ಹಿಂದಿ, ಇಂಗ್ಲಿಷ್. ಅವರು ಗೋಡೆಯ ಪರದೆಯ ಮೇಲೆ ಶೀತಲ್‌ಳ ಪಟ್ಟಿ ಹಾಕಿ ವಡಾಪಾವ್ ತಿನ್ನುತ್ತ ವಿವರಿಸಿದರು.

ಅವರ ಲೆಕ್ಕದಲ್ಲಿ ಪ್ರತಿ ಹೊಡೆತಕ್ಕೂ ಒಂದು ಬೆಲೆ ಇದೆ. ಅಂಥದೇ ಜಾಗದಿಂದ, ಅಂಥದೇ ಕೋನದಿಂದ ಹಿಂದೆ ಹೊಡೆದ ನೂರು ಹೊಡೆತಗಳಲ್ಲಿ ಎಷ್ಟು ಗೋಲಾಗಿವೆಯೋ ಅದೇ ಬೆಲೆ. ಒಂದು ಗೋಲು ಒಂದು ರೂಪಾಯಿ ಎಂದುಕೊಂಡರೆ, ಗೋಲಿನ ಎದುರಿಗೆ ಹತ್ತಿರದಿಂದ ಹೊಡೆದದ್ದಕ್ಕೆ ನಲವತ್ತು ಪೈಸೆಯಷ್ಟು, ಡಿ ಅಂಚಿನ ಮೂಲೆಯಿಂದ ಹೊಡೆದದ್ದಕ್ಕೆ ಐದು ಪೈಸೆಯಷ್ಟು. ಎಲ್ಲ ಕೂಡಿಸಿದರೆ ಅವಳು ಎಷ್ಟು ಗೋಲು ಹೊಡೆಯಬೇಕಿತ್ತು ಎಂದು ಬರುತ್ತದೆ. ಆರು ಮ್ಯಾಚಿನಲ್ಲಿ ಶೀತಲ್ ಹೊಡೆದದ್ದು ಹದಿನೇಳು ಹೊಡೆತ. ಕೂಡಿಸಿದರೆ ಮೂರು ಗೋಲಿಗಿಂತ ಸ್ವಲ್ಪ ಜಾಸ್ತಿ. ಹೊಡೆದದ್ದು ಸೊನ್ನೆ. ಮನೀಶ್ ಸರ್ ಆ ಸೊನ್ನೆಯ ಮೇಲೆ ಎಣ್ಣೆ ಬೆರಳಿಟ್ಟು, ಚೆಂಡನ್ನು ಗೋಲಿಗೆ ಮುಟ್ಟಿಸುವ ಫಿನಿಶಿಂಗ್ ಸತ್ತುಹೋಗಿದೆ ಎಂದರು. ಪರದೆಯ ಮೇಲೆ ಬೆರಳಿನ ಜಿಡ್ಡು ಉಳಿಯಿತು.

ನನಗೆ ಹಾಗೆ ಕಾಣಲಿಲ್ಲ. ಹದಿನೇಳರಲ್ಲಿ ಎರಡು ಕಂಬಕ್ಕೆ ಬಡಿದು ಹೊರಬಿದ್ದಿದ್ದವು. ನಾಲ್ಕನ್ನು ಎದುರಾಳಿ ಕೀಪರುಗಳು ತಾವೇ ನಂಬಲಾರದ ಹಾಗೆ ತಡೆದಿದ್ದರು. ಕವಡೆ ಆಟದಲ್ಲಿ ಆರು ಸಲ ಎಸೆದು ಒಂದೂ ದೊಡ್ಡ ಗರ ಬೀಳದಿದ್ದರೆ ಕೈ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಇನ್ನಷ್ಟು ಎಸೆಯಬೇಕು, ಅಷ್ಟೇ. ಹೊಡೆಯಬೇಕಾದ ಜಾಗಕ್ಕೆ ಅವಳು ಹೋಗುತ್ತಿದ್ದಾಳೆ, ಕಳೆದ ವರ್ಷಕ್ಕಿಂತ ಹೆಚ್ಚು ಸಲ ಹೋಗುತ್ತಿದ್ದಾಳೆ ಎಂಬುದು ಅದೇ ಪಟ್ಟಿಯಲ್ಲಿತ್ತು. ಆದರೆ ಪಟ್ಟಿ ಕೆಂಪಾದದ್ದು ಸೊನ್ನೆಯಿಂದಲ್ಲ. ಅವಳ ಹೆಸರಿನ ಮುಂದೆ ಡಿ ಒಳಗಿನ ಎಲ್ ಇಪ್ಪತ್ತಮೂರು ಇತ್ತು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು. ಪ್ರತಿ ಎಲ್‌ಗೂ ಅಂಕ ಕಳೆಯುತ್ತದೆ. ಇಪ್ಪತ್ತಮೂರನ್ನೂ ಒತ್ತಿದ್ದು ನನ್ನ ಬೆರಳು.

ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದಾಗ ಆ ಇಪ್ಪತ್ತಮೂರು ತುಣುಕುಗಳನ್ನು ಒಂದರ ಹಿಂದೆ ಒಂದು ಹಾಕಿ ನೋಡಿದೆ. ಮೂರನೆಯದನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ.

ಶೀತಲ್ ಡಿ ಒಳಗೆ ನುಗ್ಗುತ್ತಾಳೆ. ಎದುರಿಗೆ ಡಿಫೆಂಡರ್ ನಿಂತಿದ್ದಾಳೆ, ಹೊಡೆಯಲು ದಾರಿಯಿಲ್ಲ. ಶೀತಲ್ ತಲೆ ತಗ್ಗಿಸಿ, ಚೆಂಡನ್ನು ಮೆಲ್ಲಗೆ ನೆಲಕ್ಕೆ ತಾಗಿಸಿಕೊಂಡೇ ಅವಳ ಕಾಲಿಗೆ ತಳ್ಳುತ್ತಾಳೆ. ಚೆಂಡು ಬೂಟಿಗೆ ಬಡಿಯುತ್ತದೆ. ಅಲ್ಲಿಗೆ ನಾನು ಎಲ್ ಒತ್ತಿದ್ದೇನೆ. ತುಣುಕು ಅಲ್ಲಿಗೇ ಮುಗಿಯುತ್ತದೆ. ಆದರೆ ಆಟ ಮುಗಿಯುವುದಿಲ್ಲ. ವಿಡಿಯೋವನ್ನು ಇನ್ನೆರಡು ಸೆಕೆಂಡ್ ಬಿಟ್ಟರೆ ಅಂಪೈರ್ ಸೀಟಿ ಊದುತ್ತಾಳೆ. ಹಾಕಿಯಲ್ಲಿ ಡಿ ಒಳಗೆ ಡಿಫೆಂಡರಿನ ಕಾಲಿಗೆ ಚೆಂಡು ತಗುಲಿದರೆ ತಪ್ಪು ಡಿಫೆಂಡರಿನದು. ನಮಗೆ ಪೆನಾಲ್ಟಿ ಕಾರ್ನರ್, ಎಂದರೆ ಗೋಲಿಗೆ ಹೊಡೆಯಲು ಪುಕ್ಕಟೆ ಸಿಗುವ ಒಂದು ಅವಕಾಶ. ತಂಡದ ಕಾರ್ನರುಗಳನ್ನೆಲ್ಲ ಹೊಡೆಯುವ ನಿಶ್ಮಿತಾ ಓಡಿ ಬಂದು ಅದನ್ನು ಎಳೆದು ಹೊಡೆಯುತ್ತಾಳೆ. ಆರು ಮ್ಯಾಚಿನಲ್ಲಿ ನಮ್ಮ ತಂಡಕ್ಕೆ ಸಿಕ್ಕಿದ್ದು ಹತ್ತೊಂಬತ್ತು ಕಾರ್ನರ್, ನಿಶ್ಮಿತಾ ಅವುಗಳಲ್ಲಿ ಐದು ಗೋಲು ಹೊಡೆದಿದ್ದಳು. ಅವಳ ಪಟ್ಟಿ ಪಚ್ಚೆ ಹಸಿರು.

ಹತ್ತೊಂಬತ್ತರಲ್ಲಿ ಹದಿನಾಲ್ಕು ಶೀತಲ್ ಕಾಲಿಗೆ ತಳ್ಳಿ ಗಳಿಸಿದ್ದು. ಅವಳ ಇಪ್ಪತ್ತಮೂರು ಎಲ್‌ಗಳಲ್ಲಿ ಆ ಹದಿನಾಲ್ಕೂ ಸೇರಿದ್ದವು. ಅವನ್ನು ತೆಗೆದರೆ ಉಳಿಯುವುದು ಒಂಬತ್ತು, ನಮ್ಮ ಫಾರ್ವರ್ಡುಗಳಲ್ಲೇ ಎಲ್ಲರಿಗಿಂತ ಕಡಿಮೆ.

ನನ್ನ ಮೇಜಿನ ಮೇಲೆ ಅಂಟಿಸಿದ ಹಾಳೆಯನ್ನು ನೋಡಿದೆ. ಯಾವುದಕ್ಕೆ ಯಾವ ಬಟನ್ ಎಂದು ಮೊದಲ ದಿನ ಕೊಟ್ಟದ್ದು. ಚೆಂಡು ಬಿಟ್ಟ ಮೇಲೆ ಮೊದಲು ಎದುರಾಳಿಯ ಮೈಗೆ ತಗುಲಿದರೆ ಎಲ್. ಮನೀಶ್ ಸರ್ ಇಲ್ಲಿಗೆ ಬರುವ ಮೊದಲು ಫುಟ್‌ಬಾಲ್ ಲೆಕ್ಕದವರು. ಆ ಹಾಳೆಯೂ ಫುಟ್‌ಬಾಲಿನದು. ಹಾಕಿ ತಂಡ ಸಿಕ್ಕಿದಾಗ ಮೇಲಿನ ಹೆಸರು ಬದಲಾಯಿಸಿ ಹಾಗೇ ಪ್ರಿಂಟ್ ತೆಗೆದಿದ್ದರು. ಫುಟ್‌ಬಾಲಿನಲ್ಲಿ ಎದುರಾಳಿಯ ಕಾಲಿಗೆ ಹೋದ ಚೆಂಡು ಹೋದದ್ದೇ. ಕಾರ್ನರಿಗೆ ಒಂದೇ ಬಟನ್, ಅದೂ ಹೊಡೆದವಳ ಹೆಸರಿಗೆ. ಗಳಿಸಿದವಳಿಗೆ ಬಟನ್ನೇ ಇಲ್ಲ.

ನಾನು ಅದನ್ನು ನೋಡಿರಲಿಲ್ಲ ಎಂದು ಹೇಳಲಾರೆ. ಪ್ರತಿ ಸಲವೂ ಸೀಟಿಯ ಸದ್ದು ಕೇಳಿದ್ದೆ. ಹಾಳೆಯಲ್ಲಿ ಇದೆಯಲ್ಲ ಎಂದು ಒತ್ತಿದ್ದೆ. ಬಾತ್‌ರೂಮಿಗೆ ಹೋಗಿ ಕೈ ತೊಳೆದೆ. ಸೋಪಿನ ಡಬ್ಬಿಯಲ್ಲಿ ಯಾರದೋ ಉದ್ದ ಕೂದಲು ಅಂಟಿಕೊಂಡಿತ್ತು. ಮತ್ತೆ ಬರೀ ನೀರಿನಲ್ಲಿ ತೊಳೆದೆ.

ಮನೀಶ್ ಸರ್ ಮುಂದೆ ನಿಂತು ಬಾಯಿ ಬಿಡಲು ನನಗೆ ಮಂಗಳವಾರ ಸಂಜೆಯಾಯಿತು. ಅವರು ಗುರುತಿನ ಚೀಟಿಯ ಅಂಚಿನಿಂದ ಉಗುರಿನ ಕೊಳೆ ತೆಗೆಯುತ್ತಿದ್ದರು. ನಾನು ಹದಿನಾಲ್ಕು ತುಣುಕುಗಳನ್ನು ಸೀಟಿಯ ತನಕ ಬೆಳೆಸಿ ಒಂದು ಫೈಲ್ ಮಾಡಿ ತಂದಿದ್ದೆ. ಅವರು ನಾಲ್ಕು ನೋಡಿದರು. ಮೂರ್ಖರಲ್ಲ ಅವರು, ಎರಡನೆಯದರಲ್ಲೇ ಗೊತ್ತಾಯಿತೆಂದು ಉಗುರು ಕೆರೆಯುತ್ತಿದ್ದ ಅವರ ಕೈ ನಿಂತದ್ದರಲ್ಲಿ ನನಗೆ ತಿಳಿಯಿತು.

“ಬರೋಬರ್ ಇದೆ ನಿನ್ನ ಪಾಯಿಂಟು,” ಎಂದರು. “ಲೇಕಿನ್ ಶೀಟ್ ಚೇಂಜ್ ಮಾಡಿದ್ರೆ ಲಾಸ್ಟ್ ಇಯರ್ ಕಾ ಪೂರಾ ಮತ್ತೆ ಟ್ಯಾಗ್ ಮಾಡಬೇಕು. ಯಾರು ಮಾಡ್ತಾರೆ, ನೀನಾ?”

“ಮಾಡ್ತೇನೆ ಸರ್.”

“ಅರೇ, ಆಮೇಲೆ? ಲಾಸ್ಟ್ ಇಯರ್ ಕಂಪನಿಗೆ ಇದೇ ನಂಬರ್ ತೋರಿಸಿ ಕಾಂಟ್ರ್ಯಾಕ್ಟ್ ತಗೊಂಡಿದ್ದೀವಿ. ಈಗ ಹೋಗಿ, ಸಾರಿ ಸಾಹೇಬ್, ನಮಗೆ ಹಾಕಿ ಗೊತ್ತಿರಲಿಲ್ಲ ಅಂತ ಹೇಳ್ಲಾ?” ನಕ್ಕರು. ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸಿಕ್ಕಿಕೊಂಡಿತ್ತು. “ಮುಂದಿನ ಸೀಸನ್ ನೋಡೋಣ. ನೀನು ಶಾರ್ಪ್ ಇದೀಯ, ಯಕ್ಷಿತಾ. ಗುಡ್.”

ಬೆನ್ನು ತಟ್ಟಿದ ಹಾಗೆ ಹೇಳಿದರು. ಮುಂದಿನ ಸೀಸನ್ನಿಗೆ ಶೀತಲ್ ಇರುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಆ ‘ಗುಡ್’ಗೆ ತಲೆಯಾಡಿಸಿ ಬಂದೆ.

ಇನ್ನು ಉಳಿದದ್ದು ಕೋಚ್ ರಮಾನಾಥ ಸರ್. ಅವರು ನಮ್ಮ ಊರಿನ ಕಡೆಯವರು, ಅಪ್ಪನ ಹೋಟೆಲಿಗೆ ಬರುವವರು, ನನಗೆ ಕ್ಯಾಮೆರಾ ಇಡುವ ಜಾಗ ತೋರಿಸಿಕೊಟ್ಟವರು. ಎಲ್ಲಕ್ಕಿಂತ ಹೆಚ್ಚಾಗಿ, ಕಾಲಿಗೆ ತಳ್ಳುವುದನ್ನು ಶೀತಲ್‌ಗೆ ಕಲಿಸಿದ್ದು ಅವರೇ. ಕಾಲನಿಯ ಮನೆಮನೆಯಿಂದ ಹಳೆಯ ಚಪ್ಪಲಿಗಳನ್ನು ಬೇಡಿ ತಂದು ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದರು. ಪ್ರಾಕ್ಟೀಸಿನ ದಿನ ಡಿ ಒಳಗೆ ಜೋಡಿ ಜೋಡಿಯಾಗಿ ಆ ಚಪ್ಪಲಿಗಳನ್ನು ಇಡುವುದು, ಹುಡುಗಿಯರು ಓಡಿ ಬಂದು ಚೆಂಡನ್ನು ಅವಕ್ಕೆ ತಾಗಿಸುವುದು. ಟರ್ಫಿನ ನೀರಿನಲ್ಲಿ ನೆನೆದ ಆ ಗೋಣಿಯ ವಾಸನೆಗೆ ಹುಡುಗಿಯರು ಮೂಗು ಮುಚ್ಚುತ್ತಿದ್ದರು. ಶೀತಲ್ ಮಾತ್ರ ಒಂದೊಂದೇ ಚಪ್ಪಲಿ ಎತ್ತಿ ಸಾಲಾಗಿ ಇಡುತ್ತಿದ್ದಳು. ಹತ್ತಕ್ಕೆ ಒಂಬತ್ತು ತಾಗಿಸುತ್ತಿದ್ದಳು.

ಗುರುವಾರ ಪ್ರಾಕ್ಟೀಸ್ ಮುಗಿಸಿ ಅವರು ಕಾಲನಿ ಎದುರಿನ ಹೋಟೆಲಿನಲ್ಲಿ ಕೂತಿದ್ದರು. ಮುಂದೆ ಒಂದು ಪ್ಲೇಟ್ ಗೋಳಿಬಜೆ. ನಾನು ಎದುರಿಗೆ ಕೂತು, ಮೇಜಿನ ಮೇಲಿನ ಚಟ್ನಿಯ ಕಲೆಯನ್ನು ನೋಡುತ್ತ, ಹದಿನಾಲ್ಕರ ವಿಷಯ ಪೂರ್ತಿ ಹೇಳಿದೆ. ನಾನು ಇಷ್ಟು ಉದ್ದ ಮಾತನಾಡಿದ್ದು ಅವರಿಗೂ ಆಶ್ಚರ್ಯವಾಗಿರಬೇಕು, ನಡುವೆ ತಿನ್ನುವುದನ್ನು ನಿಲ್ಲಿಸಿದರು.

“ಗೊತ್ತುಂಟು ಮಾರಾಯ್ತಿ,” ಎಂದರು. “ಮೂರನೇ ಮ್ಯಾಚಿಗೇ ಗೊತ್ತಾಗಿದೆ. ಚಪ್ಪಲಿ ಇಟ್ಟು ಕಲಿಸಿದವ ನಾನಲ್ವಾ?”

“ಹಾಗಾದರೆ ರಿವ್ಯೂದಲ್ಲಿ ನೀವು ಹೇಳಿ ಸರ್.”

“ಹೇಳಿದರೆ ವಿನೋದಿನಿಯದ್ದು ಎಂತ ಮಾಡುವುದು?”

ವಿನೋದಿನಿ ಕಳೆದ ವರ್ಷದ ಫಾರ್ವರ್ಡ್. ಅವಳದು ಎರಡನೆಯ ಸೀಸನ್, ಇನ್ನು ನಾಲ್ಕು ಮ್ಯಾಚು ಉಳಿದಿತ್ತು. ಡಿ ಒಳಗೆ ಎಲ್ ಜಾಸ್ತಿ ಎಂದು ಪಟ್ಟಿ ತೋರಿಸಿ ತೆಗೆದರು. ಆ ಪಟ್ಟಿಯ ಕೆಳಗೆ ರುಜು ಹಾಕಿದ್ದು ರಮಾನಾಥ ಸರ್. ಅವಳೂ ಚಪ್ಪಲಿಯ ಹುಡುಗಿಯೇ. ಈಗ ಪರೇಲಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಕೆದರಿ ಹೋದದ್ದನ್ನು ಮಡಚಿಡುತ್ತಾಳೆ. ನನ್ನನ್ನು ಕಂಡರೆ ಕೈ ಬೀಸುತ್ತಾಳೆ.

“ಆಗ ನನಗೆ ಗೊತ್ತಿರಲಿಲ್ಲ,” ಎಂದರು ಸರ್. “ಕಂಪ್ಯೂಟರಿನವರು ಕೊಟ್ಟದ್ದಲ್ವಾ, ಸರಿಯೇ ಇರಬೇಕು ಅಂತ ಹಾಕಿದೆ. ಈಗ ಲೆಕ್ಕವೇ ತಪ್ಪು ಅಂತ ನಾನೇ ಎದ್ದು ಹೇಳಿದರೆ ಅವಳ ಅಪ್ಪ ಬಂದು ನನ್ನ ಬಾಗಿಲಲ್ಲಿ ನಿಲ್ಲುವುದಿಲ್ವಾ? ಯಾವ ಮುಖ ತೋರಿಸುವುದು?”

“ಅವಳ ಎಲ್ ಒತ್ತಿದ್ದು ನಾನೇ ಸರ್.”

“ಮತ್ತೆ? ನಿನಗೂ ಬೇಡ, ನನಗೂ ಬೇಡ. ಬಾಯಿ ಮುಚ್ಚಿ ಬಜೆ ತಿನ್ನು.” ಪ್ಲೇಟನ್ನು ನನ್ನ ಕಡೆ ತಳ್ಳಿದರು.

ದೊಡ್ಡವರು ತಳ್ಳಿದ ಪ್ಲೇಟು. ನಾನು ಒಂದು ತೆಗೆದುಕೊಂಡು ತಿಂದೆ. ತಣ್ಣಗಾಗಿತ್ತು, ಒಳಗೆ ಹಿಟ್ಟು ಬೆಂದಿರಲಿಲ್ಲ. ಹಸಿ ಮೈದಾ ಅಂಗುಳಕ್ಕೆ ಅಂಟಿಕೊಂಡಿತು. ನುಂಗಿದೆ. ಮನೀಶ್ ಸರ್ ಮೇಲೆ ಹುಟ್ಟಿದ್ದ ಅಸಹ್ಯ ಅಲ್ಲಿ ಸಣ್ಣದಾಯಿತು. ಅವರಿಗೆ ಹಾಕಿ ಗೊತ್ತಿಲ್ಲ. ಇವರು ಚೆಂಡನ್ನೂ ಬಲ್ಲರು, ಚಪ್ಪಲಿಯನ್ನೂ ಬಲ್ಲರು, ಹುಡುಗಿಯನ್ನೂ ಬಲ್ಲರು. ಹೀಗೆ ಯೋಚಿಸುತ್ತಲೇ ನಾನು ಬೆರಳ ಎಣ್ಣೆಯನ್ನು ಪೇಪರಿಗೆ ಒರಸಿ, ಬರುತ್ತೇನೆ ಸರ್ ಎಂದು ವಿನಯದಿಂದಲೇ ಎದ್ದು ಬಂದೆ.

ಶನಿವಾರ ಏಳನೆಯ ಮ್ಯಾಚು. ಶೀತಲ್ ಬೂಟಿನ ಲೇಸು ಕಟ್ಟುತ್ತಿದ್ದಾಗ ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಎಲ್ ತಪ್ಪು, ನಿನ್ನ ಆಟ ತಪ್ಪಲ್ಲ, ನೀನು ಕಾಲಿಗೇ ತಳ್ಳು ಎಂದೆ. ಅವಳು ಲೇಸು ಬಿಗಿಯುವುದನ್ನು ನಿಲ್ಲಿಸಲಿಲ್ಲ.

“ಹಾಳಿ ಬದಲ ಮಾಡ್ತಾರೇನು?”

“ಇಲ್ಲ.”

“ರಮಾನಾಥ ಸರ್ ಹೇಳ್ತಾರೇನು?”

“ಇಲ್ಲ.”

“ಹಂಗಾರ ಇವತ್ತ ನಾ ಕಾಲಿಗೆ ಹೊಡದ್ರ ನೀ ಏನ್ ಒತ್ತಾಕಿ?”

ಅವಳು ಎದ್ದು ನಿಂತು ಕಾಲು ಝಾಡಿಸಿದಳು.

“ಎಲ್ ಒತ್ತಾಕಿ. ಮತ್ತ ನಾ ಯಾಕ ಕಾಲಿಗೆ ಹೊಡೀಲಿ? ಅವರಿಗೆ ಹಸಿರು ಬೇಕೇನು, ಹಸಿರ ಕೊಡ್ತೀನಿ.”

ಕೊಟ್ಟಳು. ನಾನು ಮಾಡಿನ ಮೇಲೆ ಕ್ಯಾಮೆರಾದ ಹಿಂದೆ ನಿಂತು ನೋಡಿದೆ. ಡಿ ಒಳಗೆ ಬಂದಾಗಲೆಲ್ಲ ಡಿಫೆಂಡರಿನ ಕಾಲುಗಳು ಆ ಸಾಲು ಚಪ್ಪಲಿಗಳ ಹಾಗೆ ಅವಳ ಮುಂದೆಯೇ ಇದ್ದವು. ಅವಳು ಅವುಗಳ ಸುತ್ತ ಬಳಸಿಕೊಂಡು ಹೋದಳು, ಹಿಂದಕ್ಕೆ ಪಾಸ್ ಕೊಟ್ಟಳು, ಮೂಲೆಗೆ ಹೋಗಿ ಐದು ಪೈಸೆಯ ಹೊಡೆತ ಹೊಡೆದಳು. ಒಮ್ಮೆಯಂತೂ ಚೆಂಡು ತಾನಾಗಿ ಒಂದು ಬೂಟಿನ ಕಡೆ ಉರುಳುತ್ತಿದ್ದಾಗ ಸ್ಟಿಕ್ ಹಾಕಿ ತಡೆದು ಎಳೆದುಕೊಂಡಳು. ರಮಾನಾಥ ಸರ್ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತರು. ಅವರು ಕೂಗಲಿಲ್ಲ. ಏನೆಂದು ಕೂಗುತ್ತಾರೆ? ಇಡೀ ಮ್ಯಾಚಿನಲ್ಲಿ ನಮಗೆ ಒಂದೂ ಕಾರ್ನರ್ ಸಿಗಲಿಲ್ಲ. ನಿಶ್ಮಿತಾ ಮಾಡಲು ಕೆಲಸವಿಲ್ಲದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮೂರನೆಯ ಕ್ವಾರ್ಟರಿನಲ್ಲಿ ಎದುರಾಳಿಗಳು ಒಂದು ಗೋಲು ಹೊಡೆದರು, ನಾವು ಸೊನ್ನೆ ಒಂದರಲ್ಲಿ ಸೋತೆವು.

ಆಮೇಲೆ ಶೀತಲ್ ನನ್ನ ಹತ್ತಿರ ಬಂದಳು. ಬಾಟಲಿಯ ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಟರ್ಫಿನ ಅಂಚಿಗೆ ಉಗುಳಿದಳು.

“ಎಷ್ಟಾತು?”

“ನಾನು ಎಣಿಸಿದ್ದರಲ್ಲಿ ಒಂದೇ ಎಲ್.”

“ಹಸಿರೇನು?”

“ಹಸಿರು.”

“ಥೂ,” ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಸೋಮವಾರ ಪರೇಲಿನ ಆಫೀಸಿನಲ್ಲಿ ರಿವ್ಯೂ. ಉದ್ದ ಮೇಜಿನ ಆ ತುದಿಯಲ್ಲಿ ಕಂಪನಿಯ ಸ್ಪೋರ್ಟ್ಸ್ ನೋಡಿಕೊಳ್ಳುವ ಅಮೋಲ್ ಸಾಹೇಬರು, ಅವರ ಬಲಕ್ಕೆ ರಮಾನಾಥ ಸರ್, ಎಡಕ್ಕೆ ಮನೀಶ್ ಸರ್. ಈ ತುದಿಯಲ್ಲಿ ಶೀತಲ್, ಇಸ್ತ್ರಿ ಮಾಡಿದ ತಂಡದ ಜಾಕೆಟ್ ಹಾಕಿಕೊಂಡು. ನಾನು ಗೋಡೆಯ ಬದಿಗೆ, ಲ್ಯಾಪ್‌ಟಾಪ್ ಮುಂದೆ. ಕೇಳಿದ್ದನ್ನು ಪರದೆಗೆ ಹಾಕುವುದಷ್ಟೇ ನನ್ನ ಕೆಲಸ. ಮೇಜಿನ ನಡುವೆ ಸಮೋಸದ ಪೆಟ್ಟಿಗೆ. ಮುಚ್ಚಳದ ಒಳಗೆಲ್ಲ ಎಣ್ಣೆ ಬೆವರಿತ್ತು.

ಮಾತು ಹಿಂದಿಯಲ್ಲಿ ನಡೆಯಿತು. ಮನೀಶ್ ಸರ್ ಮೊದಲು ಆರು ಮ್ಯಾಚಿನ ಕೆಂಪು ತೋರಿಸಿದರು, ಆಮೇಲೆ ಏಳನೆಯದರ ಹಸಿರು. ಅಮೋಲ್ ಸಾಹೇಬರಿಗೆ ಗೊಂದಲವಾಯಿತು. ಒಳ್ಳೆಯ ಮನುಷ್ಯ ಅವರು, ಗೊತ್ತಿಲ್ಲದ್ದನ್ನು ಕೇಳುತ್ತಾರೆ. ಹಾಗಾದರೆ ಹುಡುಗಿ ಸುಧಾರಿಸಿದ್ದಾಳಲ್ಲ, ಇಟ್ಟುಕೊಳ್ಳಬಹುದಲ್ಲ ಎಂದರು. ಶೀತಲ್ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದಳು. ಅವಳ ಲೆಕ್ಕವೇ ಸರಿಯಾಯಿತೇನೋ ಎಂದುಕೊಂಡೆ.

ಮನೀಶ್ ಸರ್ ಇನ್ನೊಂದು ಹಾಳೆ ತೆಗೆದರು. ಎಲ್ ಇಳಿದದ್ದು ನಿಜ, ಆದರೆ ಗೋಲು ಏಳನೆಯದರಲ್ಲೂ ಸೊನ್ನೆಯೇ. ಅದೂ ಅಲ್ಲದೆ ಆರು ಮ್ಯಾಚಿನಲ್ಲಿ ಹತ್ತೊಂಬತ್ತು ಕಾರ್ನರ್ ಪಡೆದ ತಂಡಕ್ಕೆ ಏಳನೆಯದರಲ್ಲಿ ಒಂದೂ ಇಲ್ಲ. ಕಾರ್ನರ್ ತರಬೇಕಾದವಳು ಸೆಂಟರ್ ಫಾರ್ವರ್ಡ್, ಜವಾಬ್ದಾರಿ ಅವಳದೇ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಹತ್ತೊಂಬತ್ತು ಬಂದಾಗ ಅವು ಯಾರು ತಂದದ್ದೆಂಬ ಕಾಲಮ್ಮೇ ಆ ಹಾಳೆಯಲ್ಲಿ ಇರಲಿಲ್ಲ. ಬಾರದೆ ಹೋದ ದಿನ ಅವಳ ಹೆಸರು ಸಿಕ್ಕಿತು. ಕೋಣೆಯ ಎಣ್ಣೆ ವಾಸನೆ ಒಮ್ಮೆಗೇ ಮೂಗಿಗೆ ಏರಿ, ನಾನು ಬಾಯಲ್ಲಿ ತುಂಬಿದ ಉಗುಳನ್ನು ನುಂಗಿಕೊಂಡೆ.

ಅಮೋಲ್ ಸಾಹೇಬರು ಕೋಚನ್ನು ಕೇಳಿದರು. ರಮಾನಾಥ ಸರ್ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ತೆಗೆದು ಹಾಕಿದರು. ಶನಿವಾರ ಅವಳು ತಂಡಕ್ಕಾಗಿ ಆಡಲಿಲ್ಲ, ತನ್ನ ನಂಬರಿಗಾಗಿ ಆಡಿದಳು, ಅದು ತನ್ನ ಕಣ್ಣಿಗೆ ಕಂಡಿದೆ ಎಂದರು. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ.

“ಸರ್,” ಎಂದಳು ಶೀತಲ್ ಕನ್ನಡದಲ್ಲಿ, ಅವರೊಬ್ಬರಿಗೇ. “ಚಪ್ಪಲಿ ಇಟ್ಟು ಕಲಿಸಿದ್ದು ನೀವಲ್ಲೇನ್ರಿ?”

ಏನು ಹೇಳುತ್ತಿದ್ದಾಳೆ ಎಂದು ಅಮೋಲ್ ಸಾಹೇಬರು ಕೇಳಿದರು. ರಮಾನಾಥ ಸರ್ ಹಿಂದಿಯಲ್ಲಿ, ಪ್ರಾಕ್ಟೀಸ್ ವಿಷಯ, ಅಷ್ಟೇ ಎಂದರು. ಅವಳನ್ನು ತಂಡದಿಂದ ತೆಗೆಯುವ ಕಾಗದ ಮುಂದೆ ಬಂತು. ಶೀತಲ್ ಓದಿ ನೋಡಿ ರುಜು ಹಾಕಬೇಕು, ಆಮೇಲೆ ಜಾಕೆಟ್ಟೂ ಕಿಟ್ಟೂ ಸ್ಟೋರಿಗೆ ಒಪ್ಪಿಸಬೇಕು ಎಂದು ಅಮೋಲ್ ಸಾಹೇಬರು ಮೆಲುದನಿಯಲ್ಲಿ ವಿವರಿಸಿದರು. ಸಮೋಸ ತಗೋ ಎಂದೂ ಹೇಳಿದರು. ಶೀತಲ್ ಪೆನ್ನು ಹಿಡಿದುಕೊಂಡು ಕಾಗದವನ್ನು ನೋಡುತ್ತಿದ್ದಳು, ರುಜು ಹಾಕಿರಲಿಲ್ಲ.

ನಾನು ಎದ್ದು ನಿಂತೆ. ಕುರ್ಚಿ ಗೋಡೆಗೆ ಬಡಿದು ಸದ್ದಾಯಿತು, ನಾಲ್ವರೂ ನನ್ನತ್ತ ನೋಡಿದರು. ಆ ಫೈಲು ಲ್ಯಾಪ್‌ಟಾಪಿನಲ್ಲೇ ಇತ್ತು, ಪರದೆಗೆ ತಂತಿಯೂ ಸೇರಿತ್ತು, ಒಂದು ಬಟನ್ ಒತ್ತಿದರೆ ಸಾಕಿತ್ತು. ಆದರೆ ಕೇಳದೆ ಒತ್ತಬಾರದು ಎಂಬುದು ಎರಡು ವರ್ಷದಿಂದ ನನ್ನ ಬೆರಳಿಗೆ ಹಿಡಿದಿತ್ತು. ಅಮೋಲ್ ಸಾಹೇಬರಿಗೂ ತಿಳಿಯಲಿ ಎಂದು ಹಿಂದಿಯಲ್ಲೇ ಹೇಳಿದೆ.

“ಹದಿನಾಲ್ಕು ತುಣುಕು ಇವೆ ಸರ್. ಎಲ್ಲ ಸೇರಿ ಎರಡು ನಿಮಿಷ. ಅವಳು ರುಜು ಹಾಕುವ ಮೊದಲು ಒಮ್ಮೆ ಹಾಕುತ್ತೇನೆ, ನೋಡಿ.”

ಅಮೋಲ್ ಸಾಹೇಬರು ಮನೀಶ್ ಸರ್ ಕಡೆ ನೋಡಿದರು. ಮನೀಶ್ ಸರ್ ರಮಾನಾಥ ಸರ್ ಕಡೆ ನೋಡಿದರು. ರಮಾನಾಥ ಸರ್ ಸಮೋಸದ ಪೆಟ್ಟಿಗೆಯ ಮುಚ್ಚಳ ಎತ್ತಿದರು.

“ಎರಡೇ ನಿಮಿಷ ಸರ್. ನೋಡಿ.”